ಬೊಂಬೆಯೆಲ್ಲ ಮಕ್ಕಳಿಗೇ ಅಂತ ಯಾರು ಹೇಳಿದ್ದು?

ಮಡಕಶಿರಾ ಕಡೆಯ ಯಾವ ಅಂಗಡಿಗೆ ಬೇಕಾದರೂ ಸಂಜೆ ಹೊತ್ತು ಹೋಗಿ ನೋಡಿ. ಸಾಹುಕಾರರು ಗಲ್ಲಾದ ಹಿಂದೆ ಲೆಕ್ಕ ಬರೀತಿರ್ತಾರೆ. ಮೂಟೆ ಮೇಲೆ ಕೂತ ಮಗನೋ ಮೊಮ್ಮಗನೋ ಟೀವಿಗೋ ಮೊಬೈಲಿಗೋ ಕಣ್ಣು ನೆಟ್ಟಿರ್ತಾನೆ. ಏನು ನೋಡ್ತಿದಾನೆ ಅಂತ ಕೇಳಿದರೆ, "ಬೊಂಬೆ ನೋಡ್ತಾನೆ ಬಿಡಣ್ಣ, ಸಿನಿಮಾ ಏನಲ್ವಲ್ಲ" ಅನ್ನುವ ಉತ್ತರ ಬರುತ್ತದೆ. ಸಿನಿಮಾ ಅಂದರೆ ಭಯ, ಧಾರಾವಾಹಿ ಅಂದರೆ ಬೇಸರ, ಬೊಂಬೆ ಅಂದರೆ ಧೈರ್ಯ. ಬರೆದ ಚಿತ್ರ ಕುಣಿದರೆ ಅದು ಮಕ್ಕಳದ್ದೇ ಅನ್ನುವುದು ನಮ್ಮ ಕಡೆ ಬಹಳ ಗಟ್ಟಿಯಾದ ನಂಬಿಕೆ.

ಈ ನಂಬಿಕೆ ನಮ್ಮದು ಮಾತ್ರ ಅಲ್ಲ. ಅಮೆರಿಕದವರಿಗೂ ಇತ್ತು. ಅಲ್ಲಿ ಅದು ಮುರಿದುಬಿದ್ದದ್ದು 1989ರಿಂದ 1999ರ ನಡುವಿನ ಹತ್ತು ವರ್ಷದಲ್ಲಿ. ದೊಡ್ಡವರು ನಗಲಿ ಅಂತಲೇ ಬರೆದ, ಬೈಗುಳ, ಕೊಳಕು ಮಾತು, ಹೊಡೆದಾಟ ತುಂಬಿದ ಕಾರ್ಟೂನುಗಳು ಮನೆಮನೆಗೆ ಬಂದವು. ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ನೋಡಿದರು. ಆಮೇಲೆ ಅಪ್ಪ ಅಮ್ಮ, ಶಾಲೆ, ಸರ್ಕಾರ ಎಲ್ಲರೂ ಗಾಬರಿ ಬಿದ್ದರು. ಅಲ್ಲಿ ನಡೆದದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕಂದರೆ ಆವತ್ತು ಅವರ ಟೀವಿಯಲ್ಲಿದ್ದ ಬೊಂಬೆಗಳು ಇವತ್ತು ತುಂಡು ತುಂಡಾಗಿ ನಮ್ಮ ಅಂಗಿ ಜೇಬಿನಲ್ಲಿವೆ.

ಮೊದಲ ಪೆಟ್ಟು ಕೊಟ್ಟವನು ಬಾರ್ಟ್ ಸಿಂಪ್ಸನ್ ಅನ್ನುವ ಹತ್ತು ವರ್ಷದ ಹುಡುಗ. ನಿಜವಾದ ಹುಡುಗ ಅಲ್ಲ, ಬರೆದ ಹುಡುಗ. 1989ರ ಡಿಸೆಂಬರಿನಲ್ಲಿ ಫಾಕ್ಸ್ ವಾಹಿನಿಯಲ್ಲಿ ಶುರುವಾದ 'ದಿ ಸಿಂಪ್ಸನ್ಸ್' ಧಾರಾವಾಹಿಯವನು. ಓದಿನಲ್ಲಿ ಹಿಂದೆ, ಎದುರು ಮಾತಿನಲ್ಲಿ ಮುಂದೆ. ಓದಿನಲ್ಲಿ ಹಿಂದಿರುವುದೇ ನನಗೆ ಹೆಮ್ಮೆ ಅನ್ನುವ ಅರ್ಥದ ಅವನ ಚಿತ್ರದ ಅಂಗಿ ತೊಟ್ಟು ಮಕ್ಕಳು ಶಾಲೆಗೆ ಬಂದರು. 1990ರಲ್ಲಿ ಕೆಲವು ಶಾಲೆಗಳ ಮುಖ್ಯೋಪಾಧ್ಯಾಯರು ಆ ಅಂಗಿ ಹಾಕಿಕೊಂಡು ಒಳಗೆ ಬರಬೇಡಿ ಅಂದರು. 1992ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರೇ ಒಂದು ಭಾಷಣದಲ್ಲಿ, ಅಮೆರಿಕದ ಸಂಸಾರಗಳು ಸಿಂಪ್ಸನ್‌ಗಳ ತರ ಆಗುವುದು ಬೇಡ, ವಾಲ್ಟನ್‌ಗಳ ತರ ಆಗಲಿ ಅಂದರು. 'ದಿ ವಾಲ್ಟನ್ಸ್' ಅನ್ನುವುದು ಬಡತನದ ಕಾಲದಲ್ಲಿ ಒಗ್ಗಟ್ಟಾಗಿ ಬಾಳಿದ ಹಳ್ಳಿ ಸಂಸಾರದ ಹಳೆಯ ಧಾರಾವಾಹಿ. ಕಾರ್ಟೂನಿನವರು ಬಿಡುತ್ತಾರಾ? ನಾಲ್ಕು ದಿನ ತುಂಬುವ ಹೊತ್ತಿಗೆ ಬಾರ್ಟನ ಬಾಯಲ್ಲೇ ಉತ್ತರ ಹೇಳಿಸಿದರು: ನಾವೂ ವಾಲ್ಟನ್‌ಗಳ ತರವೇ, ಈ ಬಡತನ ಯಾವಾಗ ಮುಗಿಯುತ್ತೋ ಅಂತ ನಾವೂ ದೇವರಿಗೆ ಕೈ ಮುಗೀತಿದೀವಿ ಅಂತ. ಆವತ್ತು ಆ ಅಂಗಿ ತೊಟ್ಟ ಹುಡುಗರಿಗೆ ಈಗ ನಲವತ್ತೈದು ದಾಟಿದೆ. ಅವರ ಮಕ್ಕಳೇ ಶಾಲೆ ಮುಗಿಸಿರಬೇಕು.

ಬಾರ್ಟನ ಜಗಳ ಹೀಗೆ ನಗೆಚಾಟಿಕೆಯಲ್ಲಿ ಮುಗಿಯಿತು. ಅದರ ಮುಂದಿನದು ಹಾಗೆ ಮುಗಿಯಲಿಲ್ಲ.

ಬೆಂಕಿಯ ಮಾತು

'ಬೀವಿಸ್ ಅಂಡ್ ಬಟ್-ಹೆಡ್' ಅನ್ನುವ ಕಾರ್ಟೂನು ಎಂಟಿವಿ ವಾಹಿನಿಯಲ್ಲಿ ಶುರುವಾದದ್ದು 1993ರ ಮಾರ್ಚಿನಲ್ಲಿ. ಬರೆದವರು ಮೈಕ್ ಜಡ್ಜ್, ಭೌತಶಾಸ್ತ್ರ ಓದಿದ ಮನುಷ್ಯ. ಕಥೆಯೇನೂ ದೊಡ್ಡದಲ್ಲ. ಇಬ್ಬರು ದಡ್ಡ ಹುಡುಗರು, ಹದಿಹರೆಯದವರು. ಹರಕು ಸೋಫಾದ ಮೇಲೆ ಕೂತು ಇಡೀ ದಿನ ಟೀವಿ ನೋಡುತ್ತಾರೆ. ಕಂಡದ್ದಕ್ಕೆಲ್ಲ ಹೆಹ್ಹೆ ಹೆಹ್ಹೆ ಅಂತ ನಗುತ್ತಾರೆ. ಎದ್ದು ಹೊರಗೆ ಹೋದರೆ ಏನಾದರೂ ಒಂದನ್ನು ಹಾಳು ಮಾಡಿ ಬರುತ್ತಾರೆ. ಅವರಲ್ಲಿ ಬೀವಿಸ್ ಅನ್ನುವವನಿಗೆ ಬೆಂಕಿ ಅಂದರೆ ಹುಚ್ಚು. ಬೆಂಕಿ, ಬೆಂಕಿ ಅಂತ ಜಪ ಮಾಡುತ್ತಾನೆ.

ಆ ವರ್ಷದ ಅಕ್ಟೋಬರಿನಲ್ಲಿ ಒಹಾಯೋ ರಾಜ್ಯದ ಮೊರೈನ್ ಅನ್ನುವ ಊರಿನಲ್ಲಿ ಐದು ವರ್ಷದ ಒಬ್ಬ ಹುಡುಗ ಸಿಗರೇಟು ಲೈಟರಿನಿಂದ ಹಾಸಿಗೆಗೆ ಬೆಂಕಿ ಹಚ್ಚಿದ. ಅವರಿದ್ದದ್ದು ಗಾಲಿ ಮೇಲೆ ಸಾಗಿಸಿ ತಂದು ನಿಲ್ಲಿಸುವ ಜಾತಿಯ ಮನೆ, ಬೇಗ ಹೊತ್ತಿಕೊಂಡಿತು. ಅವನ ಎರಡು ವರ್ಷದ ತಂಗಿ ಒಳಗೇ ಸುಟ್ಟು ಹೋದಳು. ಮಗ ಆ ಕಾರ್ಟೂನು ನೋಡಿಯೇ ಬೆಂಕಿ ಆಟ ಕಲಿತ ಅಂತ ತಾಯಿ ಹೇಳಿದಳು. ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥರೂ ಹಾಗೇ ಅಂದರು. ದೇಶ ತುಂಬ ಸುದ್ದಿಯಾಯಿತು. ಆ ಮನೆಗೆ ಕೇಬಲ್ಲೇ ಇರಲಿಲ್ಲ ಅಂತ ನೆರೆಯವರು ಹೇಳಿದ ಮಾತು ಕೂಡ ಪತ್ರಿಕೆಯಲ್ಲಿ ಬಂತು. ಆದರೆ ಮೊದಲು ಹೊರಟ ಮಾತು ಕುದುರೆ ಮೇಲೆ ಹೋದರೆ ಎರಡನೇದು ನಡಕೊಂಡು ಹೋಗುತ್ತದೆ. ಇವತ್ತಿಗೂ ಜನ ನೆನಪಿಟ್ಟುಕೊಂಡಿರುವುದು ಮೊದಲನೆಯದನ್ನೇ.

ಎಂಟಿವಿಯವರು ಸಂಜೆ 7 ಗಂಟೆಯ ಪ್ರಸಾರ ನಿಲ್ಲಿಸಿ ರಾತ್ರಿ 10.30ಕ್ಕೆ ಒಯ್ದರು. ಬೆಂಕಿಯ ಮಾತು ಬರುವ ಕಡೆಯೆಲ್ಲ ಕತ್ತರಿ ಹಾಕಿದರು. ಇವರು ನಿಜವಾದ ಮನುಷ್ಯರಲ್ಲ, ಇವರು ಮಾಡಿದ್ದನ್ನು ಮಾಡಲು ಹೋಗಬೇಡಿ ಅಂತ ಮೊದಲಿಗೆ ಒಂದು ಸೂಚನೆ ಅಂಟಿಸಿದರು. ಅದೇ ತಿಂಗಳು ವಾಷಿಂಗ್ಟನ್ನಿನಲ್ಲಿ ಟೀವಿ ಹಿಂಸೆಯ ಬಗ್ಗೆ ಸೆನೆಟ್ ಸಮಿತಿಯ ವಿಚಾರಣೆ ನಡೆಯಿತು. ಅಲ್ಲಿ ಸೆನೆಟರ್ ಅರ್ನೆಸ್ಟ್ ಹಾಲಿಂಗ್ಸ್ ಈ ಕಾರ್ಟೂನನ್ನು ತರಾಟೆಗೆ ತಗೊಂಡರು. ಆದರೆ ಹೆಸರೇ ನಾಲಿಗೆಗೆ ಹೊರಳಲಿಲ್ಲ. 'ಬಫ್‌ಕೋಟ್ ಅಂಡ್ ಬೀವರ್' ಅಂದುಬಿಟ್ಟರು. ತಾವು ಅದನ್ನು ನೋಡಿಲ್ಲ ಅಂತಲೂ ಅಲ್ಲೇ ಹೇಳಿದರು. ನನಗೆ ಈ ಸಂಗತಿ ಓದಿದಾಗ ನಗು ಬಂತು, ಹಿಂದೆಯೇ ನಮ್ಮ ಕಡೆಯವರೆಲ್ಲ ಕಣ್ಣ ಮುಂದೆ ಬಂದರು. ಮಕ್ಕಳು ಏನು ನೋಡುತ್ತವೆ ಅಂತ ಬೈಯುವ ಹತ್ತು ಜನದಲ್ಲಿ ಅದನ್ನು ಒಂದು ಸಲವಾದರೂ ಪಕ್ಕದಲ್ಲಿ ಕೂತು ನೋಡಿದವರು ಎಷ್ಟು ಜನ?

ಕೂತು ನೋಡಿದ್ದರೆ ಒಂದು ವಿಷಯ ಕಾಣುತ್ತಿತ್ತು. ಆ ಇಬ್ಬರು ಹುಡುಗರ ಅಪ್ಪ ಅಮ್ಮ ತೆರೆ ಮೇಲೆ ಬರುವುದೇ ಇಲ್ಲ. ಮನೆಯಲ್ಲಿ ಹಿರಿಯರು ಅಂತ ಯಾರೂ ಇಲ್ಲ, ಇರುವುದು ಸೋಫಾ ಮತ್ತು ಟೀವಿ. ಟೀವಿಯೇ ಸಾಕಿದ ಹುಡುಗರು ಹೇಗೆ ಆಗುತ್ತಾರೆ ಅಂತ ತೋರಿಸುವ ಹಾಸ್ಯ ಅದು. ಅದನ್ನು ಅರ್ಥ ಮಾಡಿಕೊಂಡು ನಗಬೇಕಾದವನಿಗೆ ಕನಿಷ್ಠ ಇಪ್ಪತ್ತು ವರ್ಷವಾದರೂ ಆಗಿರಬೇಕು. ಐದು ವರ್ಷದವನಿಗೆ ಅದರಲ್ಲಿ ಸಿಗುವುದು ಬೆಂಕಿ ಮತ್ತು ನಗು, ಎರಡೇ.

ಮಕ್ಕಳು ನೋಡಿದ್ದನ್ನು ಮಾಡುತ್ತವೆಯೇ? ಇದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದರು. ಗಾಳಿ ತುಂಬಿದ, ತಳ ಭಾರ ಇರುವ ದೊಡ್ಡ ಗೊಂಬೆ. ನಮ್ಮ ತಂಜಾವೂರು ಗೊಂಬೆ ತರ, ಹೊಡೆದರೆ ಬಿದ್ದು ಎದ್ದು ನಿಲ್ಲುತ್ತದೆ. 1963ರಲ್ಲಿ ಪ್ರಕಟಿಸಿದ ಅವರ ಪ್ರಯೋಗದಲ್ಲಿ 96 ಚಿಕ್ಕ ಮಕ್ಕಳಿದ್ದರು. ಕೆಲವರ ಎದುರಿಗೆ ದೊಡ್ಡವರೊಬ್ಬರು ನಿಜವಾಗಿಯೇ ಆ ಗೊಂಬೆಗೆ ಹೊಡೆದರು. ಕೆಲವರಿಗೆ ಅದನ್ನೇ ಸಿನಿಮಾದಲ್ಲಿ ತೋರಿಸಿದರು. ಇನ್ನು ಕೆಲವರಿಗೆ ಕಾರ್ಟೂನಿನ ತರ: ಕರಿ ಬೆಕ್ಕಿನ ವೇಷ ಹಾಕಿದವರು ಬಣ್ಣ ಬಣ್ಣದ ಬರೆದ ಮನೆಯಲ್ಲಿ ಗೊಂಬೆಗೆ ಹೊಡೆಯುವುದು. ಉಳಿದವರಿಗೆ ಏನೂ ತೋರಿಸಲಿಲ್ಲ. ಆಮೇಲೆ ಆಟದ ಕೋಣೆಗೆ ಬಿಟ್ಟಾಗ ಹೊಡೆತ ನೋಡಿದ ಮೂರೂ ಗುಂಪಿನ ಮಕ್ಕಳು, ನೋಡದವರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಬಡಿದಾಡಿದವು. ಬೆಕ್ಕಿನ ವೇಷ, ಬರೆದ ಮನೆ, ಇದೆಲ್ಲ ಸುಳ್ಳು ಅಂತ ಮಗು ರಿಯಾಯಿತಿ ಕೊಡಲಿಲ್ಲ. ಹೊಡೆಯಲಿಕ್ಕೇ ಮಾಡಿದ ಗೊಂಬೆಗೆ ಹೊಡೆದರೆ ಅದು ಹಿಂಸೆ ಹೇಗಾಗುತ್ತೆ ಅಂತ ಆಮೇಲೆ ಬೇರೆ ಪಂಡಿತರು ತಕರಾರು ತೆಗೆದರು. ಅದೂ ನ್ಯಾಯವಾದ ಪ್ರಶ್ನೆಯೇ.

ನನಗೆ ಹೆಚ್ಚು ಹಿಡಿಸಿದ್ದು ಅವರ 1965ರ ಪ್ರಯೋಗ. ಅದರಲ್ಲಿ ಒಂದು ಗುಂಪಿಗೆ, ಹೊಡೆದವನಿಗೆ ಕೊನೆಗೆ ಸಿಹಿ ಸಿಕ್ಕಿದ್ದು ತೋರಿಸಿದರು. ಇನ್ನೊಂದು ಗುಂಪಿಗೆ, ಹೊಡೆದವನಿಗೆ ಪೆಟ್ಟು ಬಿದ್ದದ್ದು. ಮೂರನೇ ಗುಂಪಿಗೆ, ಏನೂ ಆಗದ್ದು. ಪೆಟ್ಟು ಬಿದ್ದದ್ದು ನೋಡಿದ ಮಕ್ಕಳು ಕಡಿಮೆ ಅನುಕರಣೆ ಮಾಡಿದವು. ಅಲ್ಲಿಗೆ ನಿಲ್ಲಿಸದೆ ಬಂಡೂರ ಅವರು, "ನೋಡಿದ್ದನ್ನ ಮಾಡಿ ತೋರಿಸಿದರೆ ಹಣ್ಣಿನ ರಸ ಕೊಡ್ತೀವಿ, ಚಿತ್ರದ ಚೀಟಿ ಕೊಡ್ತೀವಿ" ಅಂತ ಆಸೆ ಹುಟ್ಟಿಸಿದರು. ಆಗ ಮೂರೂ ಗುಂಪಿನ ಮಕ್ಕಳು ಒಂದೇ ಸಮನಾಗಿ ಮಾಡಿ ತೋರಿಸಿದವು! ಅಂದರೆ ಎಲ್ಲ ಮಕ್ಕಳೂ ಕಲಿತಿದ್ದವು. ಕೆಲವು ಹೊರಗೆ ತೆಗೆದಿರಲಿಲ್ಲ, ಅಷ್ಟೆ. "ನಮ್ಮ ಹುಡುಗ ಅದೆಲ್ಲ ನೋಡ್ತಾನೆ, ಆದರೆ ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ" ಅನ್ನುವ ತಂದೆ ತಾಯಿಗಳು ಇದನ್ನು ಗಮನಿಸಬೇಕು. ಮಾತು ಒಳಗಿದೆ, ಹೊರಗೆ ತೆಗೆಯಲು ಸಿಹಿ ಕೊಡುವವರು ಇನ್ನೂ ಸಿಕ್ಕಿಲ್ಲ.

ಕೆಂಪು ಕೂದಲಿನ ಮಕ್ಕಳು

ಗಲಾಟೆ ಆದ ಮೇಲೆ ಅಮೆರಿಕ ಸರ್ಕಾರ ಚೀಟಿ ಅಂಟಿಸುವ ದಾರಿ ಹಿಡಿಯಿತು. 1996ರ ದೂರಸಂಪರ್ಕ ಕಾಯ್ದೆ ಬಂತು. 1997ರ ಜನವರಿಯಿಂದ ಟೀವಿ ಕಾರ್ಯಕ್ರಮಗಳ ಮೂಲೆಯಲ್ಲಿ ವಯಸ್ಸಿನ ಗುರುತು ಬಂತು. ದೊಡ್ಡವರಿಗೆ ಮಾತ್ರ ಅನ್ನುವುದಕ್ಕೆ 'ಟಿವಿ-ಎಂಎ'. 2000ದ ಜನವರಿಯಿಂದ 13 ಅಂಗುಲ ಮತ್ತು ಅದಕ್ಕಿಂತ ದೊಡ್ಡ ಹೊಸ ಟೀವಿಗಳಲ್ಲೆಲ್ಲ 'ವಿ-ಚಿಪ್' ಅನ್ನುವ ಬಿಲ್ಲೆ ಇರಬೇಕು, ಗುರುತು ನೋಡಿ ಅದು ಕಾರ್ಯಕ್ರಮವನ್ನೇ ತಡೆಯಬೇಕು ಅಂತ ಆಯಿತು. ನಮ್ಮ ಔಷಧಿ ಡಬ್ಬದ ಮೇಲಿನ ಬಣ್ಣದ ಗುರುತು ನೆನಪು ಮಾಡಿಕೊಳ್ಳಿ. ಕೆಂಪು ಅಂದರೆ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಗುರುತು ಸರಿಯಾಗಿಯೇ ಇರುತ್ತದೆ. ಆದರೂ ಕೆಂಪು ಡಬ್ಬ ತೊಳೆದು ಅದರಲ್ಲೇ ನೀರು ತುಂಬಿ ಹೊಲಕ್ಕೆ ಒಯ್ದವರನ್ನು ನಾವು ಕಂಡಿದ್ದೇವೆ. ಅಲ್ಲಿಯೂ ವಿ-ಚಿಪ್ ಇದ್ದ ಮನೆಗಳಲ್ಲಿ ಅದನ್ನು ಬಳಸಿದವರು ಸ್ವಲ್ಪವೇ ಜನ.

ಆ ಗುರುತು ಬಂದ ವರ್ಷವೇ, 1997ರ ಆಗಸ್ಟಿನಲ್ಲಿ, 'ಸೌತ್ ಪಾರ್ಕ್' ಬಂತು. ಟ್ರೇ ಪಾರ್ಕರ್, ಮ್ಯಾಟ್ ಸ್ಟೋನ್ ಅನ್ನುವ ಇಬ್ಬರು ಗೆಳೆಯರು ಮಾಡಿದ್ದು. ಕಾಮಿಡಿ ಸೆಂಟ್ರಲ್ ವಾಹಿನಿ, ರಾತ್ರಿ ಹತ್ತರ ಹೊತ್ತು, ಟಿವಿ-ಎಂಎ ಗುರುತು. ಪ್ರತಿ ಕಂತಿನ ಮೊದಲಿಗೆ, ಇದರಲ್ಲಿ ಒರಟು ಭಾಷೆಯಿದೆ, ಇದನ್ನು ಯಾರೂ ನೋಡಕೂಡದು ಅನ್ನುವ ಸೂಚನೆ ಬೇರೆ! ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಹಬ್ಬಕ್ಕೆ ಬಂದಾಗ ಎರಡು ಕಂತು ತೋರಿಸಿದ, ಅರ್ಥವನ್ನೂ ಹೇಳಿದ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಂತಹ ನಾಲ್ಕು ಪುಟಾಣಿ ಹುಡುಗರು, ಎಂಟು ಒಂಬತ್ತು ವರ್ಷದವರು, ಟೋಪಿ ಹಾಕಿಕೊಂಡು ಬಸ್ಸಿಗೆ ಕಾಯುತ್ತಿರುತ್ತಾರೆ. ನೋಡಿದರೆ ಅಂಗನವಾಡಿ ಗೋಡೆಯ ಚಿತ್ರ ಅನ್ನಬೇಕು. ಬಾಯಿ ತೆರೆದರೆ ಲಾರಿ ಸ್ಟ್ಯಾಂಡು. ಅಕ್ಕ ಒಳಗಿನಿಂದ ಕಾಫಿ ತಂದವಳು, "ಪಾಪ, ಎಷ್ಟು ಚೆನ್ನಾಗಿದಾವೆ ಮಕ್ಕಳು" ಅಂದಳು. ಅವಳಿಗೆ ಇಂಗ್ಲಿಷ್ ಬರದಿದ್ದದ್ದು ಒಳ್ಳೆಯದಾಯಿತು.

ಬಹಳ ಚುರುಕಾದ ಹಾಸ್ಯ ಅದು, ಅದನ್ನು ಒಪ್ಪಬೇಕು. 1999ರ ಜೂನಿನಲ್ಲಿ ಅವರದೇ ಸಿನಿಮಾ ಬಂದಾಗ ಅದರ ಕಥೆಯೇ ನಾವು ಇಲ್ಲಿ ಮಾತಾಡುತ್ತಿರುವ ವಿಷಯ. ಹುಡುಗರು ದೊಡ್ಡವರ ಕೊಳಕು ಸಿನಿಮಾಗೆ ನುಗ್ಗುತ್ತಾರೆ, ಬೈಗುಳ ಕಲಿತು ಬರುತ್ತಾರೆ, ತಾಯಂದಿರು ಸಿಟ್ಟಾಗಿ ಆ ಸಿನಿಮಾ ಮಾಡಿದ ಕೆನಡಾ ದೇಶದ ಮೇಲೆ ಯುದ್ಧವನ್ನೇ ಹೂಡಿಸುತ್ತಾರೆ. ತಮ್ಮ ಮಕ್ಕಳು ಎಲ್ಲಿಗೆ ಹೋಗಿದ್ದರು ಅಂತ ಕೇಳುವುದು ಬಿಟ್ಟು ದೂರದಲ್ಲಿ ಒಬ್ಬ ಅಪರಾಧಿಯನ್ನು ಹುಡುಕುವುದು! ತಮಾಷೆ ಏನೆಂದರೆ, ಆ ಸಿನಿಮಾ ಬಂದಾಗ ಹುಡುಗರು ಪಕ್ಕದ ತೆರೆಯ 'ವೈಲ್ಡ್ ವೈಲ್ಡ್ ವೆಸ್ಟ್' ಚಿತ್ರಕ್ಕೆ ಟಿಕೆಟ್ ತಗೊಂಡು ಮೆಲ್ಲಗೆ ಇದಕ್ಕೆ ನುಗ್ಗಿದರು ಅಂತ ಅಲ್ಲಿನ ಪತ್ರಿಕೆಗಳು ಬರೆದವು. ಕಥೆ ತೆರೆಯಿಂದ ಇಳಿದು ಬಾಗಿಲಲ್ಲೇ ನಡೆಯಿತು.

ಆದರೆ ಹಾಸ್ಯ ಎಷ್ಟು ಚುರುಕಾಗಿದ್ದರೂ ಅದು ಹೋಗಿ ಬೀಳುವ ನೆಲ ಯಾವುದು ಅನ್ನುವುದು ಬೇರೆ ಮಾತು. 2005ರ ನವೆಂಬರಿನಲ್ಲಿ ಸೌತ್ ಪಾರ್ಕಿನ ಒಂದು ಕಂತು ಬಂತು. ಆ ನಾಲ್ವರಲ್ಲಿ ಕಾರ್ಟ್‌ಮನ್ ಅನ್ನುವ ದಪ್ಪ ಹುಡುಗ ಮಹಾ ಕೇಡಿಗ. ಕೆಂಪು ಕೂದಲು, ಮುಖದ ಮೇಲೆ ಚುಕ್ಕೆ ಇರುವ ಮಕ್ಕಳಿಗೆ ಆತ್ಮವೇ ಇರುವುದಿಲ್ಲ ಅಂತ ಅವನು ತರಗತಿಯಲ್ಲಿ ಭಾಷಣ ಬಿಗಿಯುತ್ತಾನೆ. ಬುದ್ಧಿ ಕಲಿಸಬೇಕು ಅಂತ ಗೆಳೆಯರು ರಾತ್ರಿ ಅವನು ಮಲಗಿದಾಗ ಅವನ ಕೂದಲಿಗೇ ಕೆಂಪು ಬಣ್ಣ ಬಳಿಯುತ್ತಾರೆ. ಎದ್ದವನು ಅಂದಿನಿಂದ ಕೆಂಪು ಕೂದಲಿನವರೇ ಶ್ರೇಷ್ಠ ಅಂತ ಪಕ್ಷ ಕಟ್ಟುತ್ತಾನೆ! ಬಣ್ಣ ನೋಡಿ ಮನುಷ್ಯರನ್ನು ಅಳೆಯುವವರ ಮುಖಕ್ಕೆ ಹೊಡೆದ ಹಾಗಿದೆ. ನಮ್ಮ ಕಡೆಯ ಜಾತಿ ಜಗಳಕ್ಕೂ ಸರಿಯಾಗಿ ಒಪ್ಪುವ ಕಥೆ.

ಮಕ್ಕಳು ಅದರಿಂದ ತೆಗೆದುಕೊಂಡದ್ದೇನು? 2008ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ 14 ವರ್ಷದ ಒಬ್ಬ ಹುಡುಗ ಫೇಸ್‌ಬುಕ್ಕಿನಲ್ಲಿ, ನವೆಂಬರ್ 20ರಂದು ಕೆಂಪು ಕೂದಲಿನವರನ್ನು ಒದೆಯುವ ದಿನ ಅಂತ ಒಂದು ಗುಂಪು ಕಟ್ಟಿದ. ಸಾವಿರಗಟ್ಟಲೆ ಮಂದಿ ಸೇರಿದರು. ಹಲವು ಶಾಲೆಗಳಲ್ಲಿ ಕೆಂಪು ಕೂದಲಿನ ಮಕ್ಕಳು ನಿಜವಾಗಿಯೇ ಒದೆ ತಿಂದು ಮನೆಗೆ ಹೋದರು. ಪೊಲೀಸರು ತನಿಖೆ ಮಾಡಿದರು. ಮಾರನೇ ವರ್ಷ, 2009ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಕಲಬಾಸಸ್ ಊರಿನ ಶಾಲೆಯಲ್ಲಿ ಅದೇ ನೆಪದಲ್ಲಿ 12 ವರ್ಷದ ಹುಡುಗನೊಬ್ಬನನ್ನು ಸಹಪಾಠಿಗಳು ಗುಂಪಾಗಿ ಥಳಿಸಿದರು. ಅದೇ ವಯಸ್ಸಿನ ಹುಡುಗರನ್ನು ಪೊಲೀಸರು ಹಿಡಿದರು.

ಆ ಕಂತಿನಲ್ಲಿ ಒದೆಯುವ ದಿನ ಅಂತ ಇಲ್ಲ. ಅದನ್ನು ಕಟ್ಟಿಕೊಂಡವರು ಮಕ್ಕಳೇ. ತೆಲುಗಿನಲ್ಲಿ ಅಲ್ಲರಿ ಅಂತ ಒಂದು ಮಾತಿದೆ, ವೆಟಕಾರಂ ಅಂತ ಇನ್ನೊಂದಿದೆ. ಅಲ್ಲರಿ ಅಂದರೆ ನಮ್ಮ ತುಂಟಾಟ, ಚೇಷ್ಟೆ. ವೆಟಕಾರಂ ಅಂದರೆ ಒಂದು ಹೇಳಿ ಇನ್ನೊಂದನ್ನು ಚುಚ್ಚುವುದು, ವ್ಯಂಗ್ಯ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ಚಟದವನಾದ್ದರಿಂದ ಹೇಳುತ್ತೇನೆ, ವ್ಯಂಗ್ಯಕ್ಕೆ ಅಟ್ಟ ಇರುತ್ತದೆ, ಅರ್ಥ ಮೇಲೆ ಇಟ್ಟಿರುತ್ತದೆ. ದೊಡ್ಡವನು ಕೈ ಚಾಚಿ ತಗೊಳ್ಳುತ್ತಾನೆ. ಮಗುವಿನ ಕೈಗೆ ಎಟುಕುವುದು ಕೆಳಗೆ ಬಿದ್ದಿರುವ ಬೈಗುಳ ಮಾತ್ರ. ಕಾರ್ಟ್‌ಮನ್ ಕೆಟ್ಟವನು ಅಂತ ತೋರಿಸಲು ಅವನ ಬಾಯಿಗೆ ಹಾಕಿದ ಮಾತು, ಕೆಟ್ಟವನನ್ನು ಬಿಟ್ಟು ಮಾತಷ್ಟೇ ಹೊರಟು ಶಾಲೆಗೆ ಬಂತು.

ಕಿಳ್ಳೇಕ್ಯಾತನ ಮುಂದೆ ಕೂತವರು

ಇಷ್ಟೆಲ್ಲ ಹೇಳಿದ ಮೇಲೆ, ದೊಡ್ಡವರ ಹಾಸ್ಯ, ಬರೆದ ಬೊಂಬೆ, ಮುಂದೆ ಕೂತ ಮಕ್ಕಳು, ಇದೇನು ಅಮೆರಿಕದವರು ಕಂಡುಹಿಡಿದದ್ದಾ ಅಂತ ನಮ್ಮ ಹಿರಿಯರು ಕೇಳಿಯಾರು. ಕೇಳಬೇಕಾದದ್ದೇ. ತೊಗಲುಗೊಂಬೆ ಆಟ ಮತ್ತೇನು? ಮೇಕೆ ಚರ್ಮ ಹದ ಮಾಡಿ, ಬಣ್ಣ ಬರೆದು, ಬಿಳಿ ಪರದೆಯ ಹಿಂದೆ ದೀಪ ಇಟ್ಟು ಕುಣಿಸುವುದು. ಧರ್ಮಾವರಂ ಪಕ್ಕದ ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ, ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಕಲೆ. ಗಡಿಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು.

ರಾಮಾಯಣದ ಆಟ ನಡುರಾತ್ರಿಗೆ ಬಂದಾಗ, ಜನ ತೂಕಡಿಸುವ ಹೊತ್ತಿಗೆ, ನಮ್ಮಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಬರುತ್ತಾರೆ. ತೆಲುಗಿನವರಲ್ಲಿ ಜುಟ್ಟುಪೋಲಿಗಾಡು, ಕೇತಿಗಾಡು, ಅಲ್ಲೂ ಅದೇ ಬಂಗಾರಕ್ಕ. ಅವರ ಮಾತು ಈಗ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಗಂಡ ಹೆಂಡತಿಯ ಗುಟ್ಟು, ಊರ ಸಾಹುಕಾರನ ಬಣ್ಣ, ಹೊಡೆದಾಟ, ಬಡಿದಾಟ. ಸೆನೆಟರ್ ಹಾಲಿಂಗ್ಸ್ ಬಂದಿದ್ದರೆ ಪರದೆ ಕಿತ್ತು ಹಾಕಿಸುತ್ತಿದ್ದರು. ನಾವು ಹುಡುಗರು ಎಲ್ಲಿರುತ್ತಿದ್ದೆವು? ಪರದೆಯ ಮುಂದೆಯೇ, ಗೋಣಿಚೀಲದ ಮೇಲೆ.

ಆದರೆ ಹಿಂದೆ ಅಜ್ಜಿ ಇರುತ್ತಿದ್ದಳು. ಎಲ್ಲರೂ ಗೊಳ್ಳೆಂದು ನಕ್ಕಾಗ "ಏನಜ್ಜಿ ಅಂದಿದ್ದು?" ಅಂತ ತಿರುಗಿ ಕೇಳಿದರೆ ತಲೆ ಮೇಲೆ ಒಂದು ಮೊಟಕು. "ನಿಂಗಲ್ಲ, ಮಲಿಕ್ಕೋ. ಹನುಮಂತ ಬಂದಾಗ ಎಬ್ಬಿಸ್ತೀನಿ." ಅಷ್ಟೇ. ಆ ಮಾತು ತಿಳಿಯಲಿಲ್ಲ, ಆದರೆ ಅದು ದೊಡ್ಡವರದ್ದು, ಹಗಲು ಹೊತ್ತು ಆಡುವುದಲ್ಲ ಅನ್ನುವುದು ತಿಳಿಯಿತು. ಮಾರನೇ ದಿನ ಯಾವನಾದರೂ ಕಿಳ್ಳೇಕ್ಯಾತನ ಮಾತನ್ನು ಶಾಲೆಯಲ್ಲಿ ಆಡಿದರೆ ಊರಿಗೆಲ್ಲ ಗೊತ್ತಿತ್ತು ಇದು ಎಲ್ಲಿಂದ ಬಂತು ಅಂತ. ಯಾಕಂದರೆ ಊರೇ ಅಲ್ಲಿ ಕೂತಿತ್ತು. ವರ್ಷಕ್ಕೆ ಒಂದೋ ಎರಡೋ ರಾತ್ರಿ ಅದು. ಬೆಳಗಾದರೆ ಗೊಂಬೆ ಬುಟ್ಟಿಗೆ.

ತೆಲುಗು ಮಾತಾಡಿದ ಶಿಂಚಾನ್

ನಮ್ಮ ಮನೆಗಳಿಗೆ ಸೌತ್ ಪಾರ್ಕ್ ನೇರವಾಗಿ ಬರಲಿಲ್ಲ. ಬಂದವನು ಶಿಂಚಾನ್. ಜಪಾನಿನವನು, ಐದು ವರ್ಷದವನು. ಯೋಶಿತೊ ಉಸುಯಿ ಅನ್ನುವವರು 1990ರಲ್ಲಿ ಇವನ ಚಿತ್ರಕಥೆ ಬರೆಯಲು ಶುರು ಮಾಡಿದ್ದು ದೊಡ್ಡವರು ಓದುವ ವಾರಪತ್ರಿಕೆಯಲ್ಲಿ. 1992ರಲ್ಲಿ ಅಲ್ಲಿನ ಟೀವಿಗೆ ಬಂತು. ಚಡ್ಡಿ ಜಾರಿಸಿ ಕುಣಿಯುವುದು, ದಾರಿಯಲ್ಲಿ ಹೋಗುವ ಹೆಂಗಸರ ಹಿಂದೆ ಬೀಳುವುದು, ಹೆತ್ತ ತಾಯಿಯನ್ನು ಮಿಸಾಯೆ ಅಂತ ಹೆಸರು ಹಿಡಿದು ಕರೆಯುವುದು. ಜಪಾನಿನ ಪೋಷಕರ ಸಂಘದವರು ಮಕ್ಕಳಿಗೆ ತೋರಿಸಬಾರದು ಅಂತ ಹೇಳುವ ಕಾರ್ಯಕ್ರಮಗಳ ಪಟ್ಟಿಯಲ್ಲಿ ಅವನು ವರ್ಷ ವರ್ಷ ಮೇಲಿನ ಸಾಲಿನಲ್ಲೇ ಇರುತ್ತಿದ್ದ.

2006ರಲ್ಲಿ ಅವನು ಭಾರತಕ್ಕೆ ಬಂದದ್ದು ಹಂಗಾಮಾ ಟೀವಿಯಲ್ಲಿ, ಅಂದರೆ ಮಕ್ಕಳ ವಾಹಿನಿಯಲ್ಲೇ. ವಾಹಿನಿ ಮಕ್ಕಳದ್ದು ಅಂದ ಮೇಲೆ ಸರಕೂ ಮಕ್ಕಳದ್ದು ಅಂತ ಮನೆಯವರು ನಂಬಿದರು. ಆ ವರ್ಷಗಳಲ್ಲಿ ಅವನು ಹಿಂದಿ, ತಮಿಳು, ತೆಲುಗು ಮಾತಾಡಿದ, ಕನ್ನಡ ಮಾತಾಡಲಿಲ್ಲ. ಕರ್ನಾಟಕದಲ್ಲಿ ಡಬ್ಬಿಂಗಿಗೆ ಬಲವಾದ ವಿರೋಧ ಇದ್ದ ಕಾಲ ಅದು. ಹೀಗಾಗಿ ಗಡಿ ಕನ್ನಡಿಗರ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಊಟ, ಪಾಠ, ಗದರಿಕೆ ಎಲ್ಲ ಕನ್ನಡದಲ್ಲಿ. ತಂಟೆ ಮಾತ್ರ ತೆಲುಗಿನಲ್ಲಿ. ಎದುರು ಮಾತಾಡಬೇಕಾದಾಗ ಹುಡುಗರು ತಟ್ಟನೆ ಭಾಷೆ ಬದಲಿಸುತ್ತಿದ್ದರು. ಎಷ್ಟೋ ಅಜ್ಜಿಯರಿಗೆ ತೆಲುಗು ಬಂದರೂ ಆ ಧಾಟಿಯ ತೆಲುಗು ಅರ್ಥವಾಗುತ್ತಿರಲಿಲ್ಲ, ಮಗು ಏನೋ ಮುದ್ದಾಗಿ ಅಂತಿದೆ ಅಂತ ನಗುತ್ತಿದ್ದರು.

ಪೋಷಕರ ದೂರು ಹೆಚ್ಚಾಗಿ 2008ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಇಲಾಖೆ ಶಿಂಚಾನನನ್ನು ನಿಲ್ಲಿಸಿತು. ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಮಕ್ಕಳಿಗೆ ತಕ್ಕುದಲ್ಲದ್ದನ್ನು ತೋರಿಸಕೂಡದು ಅಂತ 1994ರ ಕೇಬಲ್ ಟೀವಿ ನಿಯಮಗಳಲ್ಲೇ ಇದೆ. 2009ರಲ್ಲಿ ಕತ್ತರಿ ಹಾಕಿಸಿಕೊಂಡು ಮತ್ತೆ ಬಂದ. ಚಡ್ಡಿ ಕುಣಿತ ಹೋಯಿತು, ಧಾಟಿ ಹಾಗೇ ಉಳಿಯಿತು. ಧಾಟಿಗೆ ಕತ್ತರಿ ಹಾಕುವುದು ಹೇಗೆ?

ನಮ್ಮ ಓಣಿಯಲ್ಲೇ ಕಂಡದ್ದು ಹೇಳುತ್ತೇನೆ. ಇಬ್ಬರು ಹುಡುಗರು, ದಾಯಾದಿಗಳು, ಇಬ್ಬರೂ ಶಿಂಚಾನ್ ನೋಡಿ ತಾಯಿಯನ್ನು ಹೆಸರು ಹಿಡಿದು ಕರೆದರು. ಒಬ್ಬನ ಮನೆಯಲ್ಲಿ ತಾತ ಬಿದ್ದು ಬಿದ್ದು ನಕ್ಕ. ಬಂದ ನೆಂಟರ ಮುಂದೆಲ್ಲ "ಅನ್ನೋ, ಇನ್ನೊಂದ್ಸಲ ಅನ್ನೋ" ಅಂತ ಹೇಳಿಸಿದ, ಕೈಗೆ ಐದು ರೂಪಾಯಿ ಇಟ್ಟ. ಇನ್ನೊಬ್ಬನ ಮನೆಯಲ್ಲಿ ಸೋದರತ್ತೆ ಬೈಯಲೂ ಇಲ್ಲ, ನಗಲೂ ಇಲ್ಲ. ಪಕ್ಕದಲ್ಲಿ ಕೂತು, "ಅವನು ಹಂಗಂದಾಗ ಅವರಮ್ಮ ಏನ್ ಮಾಡ್ತಾಳೆ?" ಅಂತ ಕೇಳಿದಳು. ಹುಡುಗ ಯೋಚನೆ ಮಾಡಿ, "ತಲೆ ಮೇಲೆ ಗುದ್ದುತಾಳೆ, ಬುಗುಟೆ ಬರುತ್ತೆ" ಅಂದ. "ಮತ್ತೆ ನಿಮ್ಮಮ್ಮನ ಕೈಲೂ ಗುದ್ದಿಸ್ಕೋಬೇಕಾ?" ಅಂದಳು. ಮೊದಲನೆಯವನದು ತಿಂಗಳುಗಟ್ಟಲೆ ನಡೆಯಿತು. ಎರಡನೆಯವನದು ಒಂದು ವಾರಕ್ಕೆ ನಿಂತಿತು. ಇಬ್ಬರೂ ನೋಡಿದ್ದು ಒಂದೇ ಬೊಂಬೆ. ಬಂಡೂರ ಅವರು ಹಣ್ಣಿನ ರಸ ಕೊಟ್ಟು ಕಂಡುಕೊಂಡದ್ದನ್ನು ಆ ತಾತ ಐದು ರೂಪಾಯಿಯಲ್ಲಿ ಮಾಡಿ ತೋರಿಸಿದ.

ಆವಾಗ ಟೀವಿ ನಡುಮನೆಯಲ್ಲಿತ್ತು, ಸೋದರತ್ತೆ ಪಕ್ಕದಲ್ಲಿ ಕೂರಲು ಜಾಗ ಇತ್ತು. ಈಗ ಮೊಬೈಲು ಕಂಬಳಿಯೊಳಗಿದೆ, ಒಬ್ಬರಿಗೆ ಮಾತ್ರ ಜಾಗ. ಮೂರು ತಾಸಿನ ಕಥೆಯ ಬದಲು ಮೂವತ್ತು ಸೆಕೆಂಡಿನ ತುಣುಕು ಬರುತ್ತದೆ. ಕಾರ್ಟ್‌ಮನ್ ಬೈಯುವುದು ಬರುತ್ತದೆ, ಅವನ ಕೂದಲಿಗೆ ಬಣ್ಣ ಬಳಿದದ್ದು ಬರುವುದಿಲ್ಲ. ಹಿಂದೆ ಕಾಣದಿದ್ದದ್ದು ಅಟ್ಟದ ಅರ್ಥ, ಈಗ ಅಟ್ಟವೇ ಇಲ್ಲ.

2021ರಲ್ಲಿ ಕೇಂದ್ರ ಸರ್ಕಾರ ನೆಟ್‌ಫ್ಲಿಕ್ಸಿನಂಥವುಗಳಿಗೆ ನಿಯಮ ತಂದಿತು. ಎಲ್ಲರಿಗೂ ಅನ್ನುವುದಕ್ಕೆ 'ಯು', ಆಮೇಲೆ 'ಯು/ಎ 7+', 'ಯು/ಎ 13+', 'ಯು/ಎ 16+', ದೊಡ್ಡವರಿಗೆ ಮಾತ್ರ 'ಎ'. 13+ ಮತ್ತು ಅದರ ಮೇಲಿನವಕ್ಕೆ ಪೋಷಕರು ಬೀಗ ಹಾಕಿಕೊಳ್ಳುವ ಅನುಕೂಲ ಇರಲೇಬೇಕು. ಬೊಂಬೆ ಅಂತ ರಿಯಾಯಿತಿ ಇಲ್ಲ, ಕಾರ್ಟೂನಿಗೂ ಇದೇ ಗುರುತು. ಮೂಲೆಯಲ್ಲಿ ಸಣ್ಣಗೆ ಬರೆದಿರುತ್ತದೆ, ಔಷಧಿ ಡಬ್ಬದ ಹಾಗೆ ತಿರುಗಿಸಿ ನೋಡಿಕೊಳ್ಳಬೇಕು. ವಾಟ್ಸಾಪಿನಲ್ಲಿ ಬಂದು ಬೀಳುವ ತುಣುಕಿಗೆ ಮಾತ್ರ ಆ ಗುರುತು ಇರುವುದಿಲ್ಲ.

ಬೀಗ ಹಾಕುವುದು ಕಷ್ಟವಲ್ಲ, ನಾಲ್ಕು ಅಂಕಿ ಅಷ್ಟೆ. ಹೋದ ತಿಂಗಳು ನಾನೂ ಕೂತೆ. ಅಡಂಗಲ್ ನೋಡಬೇಕೆಂದರೂ "ಅಪ್ಪೀ, ಇದನ್ನ ಸ್ವಲ್ಪ ತೆಗಿ" ಅಂತ ಮೊಮ್ಮಗನನ್ನೇ ಕರೆಯುವ ಮನೆ ನಮ್ಮದು. ಬೀಗದ ಜಾಗ ಹುಡುಕಿ ಕೊಟ್ಟವನೂ ಅವನೇ. ಅಂಕಿ ಒತ್ತಲು ಕೈ ಎತ್ತಿದಾಗ ಪಕ್ಕದಲ್ಲಿ ಕೂತವನು ಬಹಳ ಕಾಳಜಿಯಿಂದ ಹೇಳಿದ, "ತಾತ, ಕಷ್ಟದ್ದು ಇಡಬೇಡ, ನಿಂಗೆ ಮರ್ತೋಗುತ್ತೆ. ನಾನು ಹುಟ್ಟಿದ ವರ್ಷ ಹಾಕು."